ಓದಕ್ಕ ಉಳಿಸಿದ ಬಂಗಲೆ

ಛತ್ರಿ ಕಾರ್ಖಾನೆಯ ಮಹಡಿ ಹಾಲಿನಲ್ಲಿ ಇರುವುದು ಒಂದೇ ಕುರ್ಚಿ. ಮಿಕ್ಕವರೆಲ್ಲ ಉದ್ದನೆಯ ಬೆಂಚುಗಳ ಮೇಲೆ ಕೂತು, ಅರ್ಧ ಬಿಚ್ಚಿದ ಛತ್ರಿಯನ್ನು ಮಡಿಲಲ್ಲಿಟ್ಟುಕೊಂಡು, ಬಟ್ಟೆಯನ್ನು ಕಡ್ಡಿಗಳಿಗೆ ಸೇರಿಸಿ ಹೊಲಿಯುತ್ತಾರೆ. ಕುರ್ಚಿಯ ಮೇಲೆ ಕೂರುವವಳು ಓದಕ್ಕ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇದೆ. ಅದನ್ನು ಸಂಬಳದ ದಿನ ಮಾತ್ರ ಕೂಗುತ್ತಾರೆ, ಆಗಲೂ ಅವಳು ಎರಡು ಸಲ ಕೂಗಿಸಿಕೊಂಡೇ ಏಳುವುದು.

ಅವಳೂ ಮೊದಲು ಸೂಜಿ ಹಿಡಿದವಳೇ. ವರ್ಷಗಟ್ಟಲೆ ಗಟ್ಟಿ ಬಟ್ಟೆಯೊಳಗೆ ಸೂಜಿ ತೂರಿಸಿ ಎಳೆದು ಎಳೆದು ಬಲಗೈ ಹೆಬ್ಬೆರಳು ಮಡಚದಂತಾಯಿತು. ಕೆಲಸ ಬಿಡದೆ ಗತಿಯಿಲ್ಲ ಎಂದು ಅವಳು ಅಳುತ್ತಿದ್ದಾಗ ಜೊತೆಯವರು ಸೇರಿ ಒಂದು ಏರ್ಪಾಟು ಮಾಡಿದರು. ಅವಳ ಪಾಲಿನ ಛತ್ರಿಗಳನ್ನು ತಾವೆಲ್ಲ ಹಂಚಿಕೊಂಡು ಹೊಲಿಯುವುದು, ಅವಳು ಕೂತು ಕಥೆ ಓದುವುದು. ಛತ್ರಿಗಳ ಲೆಕ್ಕ ಸರಿಹೋದರೆ ಯಾರು ಹೊಲಿದರೇನು ಎಂದು ಆಗಿನ ಸೂಪರ್‌ವೈಸರ್ ಕಂಡೂ ಕಾಣದಂತೆ ಇದ್ದುಬಿಟ್ಟ.

ಮೊದಮೊದಲು ಅವಳು ಸಂಸಾರದ ಕಾದಂಬರಿಗಳನ್ನು ಓದಿದಳು. ಹೆಂಗಸರು ಮೂಗು ಮುರಿದರು. ಅತ್ತೆ ಸೊಸೆ ಜಗಳ ಮನೆಯಲ್ಲೇ ಪುಕ್ಕಟೆ ಸಿಗುತ್ತದೆ, ಅದಕ್ಕೆ ಇಷ್ಟು ದೂರ ಬರಬೇಕೇ ಎಂದರು. ಆಮೇಲೊಂದು ದಿನ ಹಳೆಯ ಪುಸ್ತಕದ ಅಂಗಡಿಯಲ್ಲಿ ರಟ್ಟು ಹರಿದ ಭೂತದ ಬಂಗಲೆಯ ಕಥೆಯೊಂದು ಸಿಕ್ಕಿತು. ಹುಡುಗಿ ದೀಪ ಹಿಡಿದು ನೆಲಮಾಳಿಗೆಗೆ ಇಳಿದ ದಿನ ಇಡೀ ಹಾಲು ತುಟಿಪಿಟಕ್ಕೆನ್ನಲಿಲ್ಲ. ಹೆದರಿಕೆಗೆ ಕೈ ಓಡುವುದು ಹೆಚ್ಚೋ ಏನೋ, ಅಂದು ಸಂಜೆ ಲೆಕ್ಕಕ್ಕಿಂತ ಹೆಚ್ಚು ಛತ್ರಿ ಇಳಿದಿದ್ದವು. ಅಲ್ಲಿಂದಾಚೆ ಬೇರೆ ಪುಸ್ತಕದ ಸುದ್ದಿಯೇ ಇಲ್ಲ.

ಇಂಥವಕ್ಕೆ ಓದಿಕೊಂಡವರು ಗಾಥಿಕ್ ಎನ್ನುತ್ತಾರಂತೆ. ಹಾಲಿನಲ್ಲಿ ಅದಕ್ಕೆ ಬಂಗಲೆ ಕಥೆ ಎಂದೇ ಹೆಸರು, ಬಂಗಲೆ ಇಲ್ಲದಿದ್ದರೂ. ಅದರೊಳಗೂ ಒಳಪಂಗಡಗಳಿವೆ. ಬಡ ಹುಡುಗಿ ಸಾಹುಕಾರನಿಗೆ ಎರಡನೆಯ ಹೆಂಡತಿಯಾಗಿ ಬಂದು, ಮೊದಲನೆಯವಳ ಕೋಣೆಗೆ ಬೀಗ ಬಿದ್ದಿದ್ದರೆ ಅದು ಬೀಗದ ಕಥೆ. ಪುಸ್ತಕವಿಡೀ ದೆವ್ವ ದೆವ್ವ ಎಂದು ಹೆದರಿಸಿ ಕೊನೆಗೆ ಬೆಡ್‌ಶೀಟು ಹೊದ್ದ ಮನುಷ್ಯ ಸಿಕ್ಕಿಬಿದ್ದರೆ ಚಿಕ್ಕಪ್ಪನ ಕಥೆ, ಏಕೆಂದರೆ ಆ ಮನುಷ್ಯ ಬಹುಪಾಲು ಆಸ್ತಿ ಹೊಡೆಯಲು ಹೊಂಚುವ ಚಿಕ್ಕಪ್ಪನೇ ಆಗಿರುತ್ತಾನೆ. ಡಾಕ್ಟರೊಬ್ಬ ಏನೇನೋ ಬೆರೆಸಿ, ತಾನೇ ಸಂಭಾಳಿಸಲಾಗದ ಜೀವವೊಂದನ್ನು ಎಬ್ಬಿಸಿ ಕೂರಿಸಿದರೆ ಸೀಸೆ ಕಥೆ. ಕುತ್ತಿಗೆಗೆ ಬಾಯಿ ಹಾಕಿ ರಕ್ತ ಹೀರುವ ಅತಿಥಿಯ ಕಥೆಯನ್ನು ಮಾತ್ರ ಊಟಕ್ಕೆ ಮುಂಚೆ ಓದಕೂಡದು ಎಂದು ಕಟ್ಟಪ್ಪಣೆ. ದೆವ್ವವೂ ಇಲ್ಲದೆ, ಕೊಲೆಯೂ ಇಲ್ಲದೆ, ಒಂದು ದೊಡ್ಡ ಮನೆತನ ಒಳಗೊಳಗೇ ಕೊಳೆತು ಹೋಗುವ ಕಥೆಗಳೂ ಉಂಟು. ಅವನ್ನು ಓದಿದ ದಿನ ಯಾರೂ ಹೆಚ್ಚು ಮಾತಾಡುವುದಿಲ್ಲ. ಈಚೆಗೆ ದೆವ್ವ ಬಂಗಲೆ ಬಿಟ್ಟು ಬಾಡಿಗೆ ಫ್ಲಾಟಿಗೂ ಬಂದಿದೆ. ಬಾಡಿಗೆಯಲ್ಲಿ ಅರ್ಧ ಕೊಡುವುದಾದರೆ ಇರಲಿ ಬಿಡು ಎಂದು ಹೆಂಗಸರು ಅದನ್ನು ಒಪ್ಪಿಕೊಂಡಿದ್ದಾರೆ.

ನಿಯಮಗಳು ಎಲ್ಲರಿಗೂ ಬಾಯಿಪಾಠ. ಗಾಳಿ ಬೀಸಿದರೆ ದೀಪ ಆರಲೇಬೇಕು. ಪಟದಲ್ಲಿರುವ ಮುತ್ತಜ್ಜನ ಕಣ್ಣು ನಮ್ಮನ್ನೇ ನೋಡಬೇಕು. ಮನೆ ನೋಡಿಕೊಳ್ಳುವ ಹೆಂಗಸಿಗೆ ಎಲ್ಲ ಗೊತ್ತಿದ್ದೂ ಬಾಯಿ ಬಿಡಬಾರದು. ಹುಡುಗಿಗೆ ಯಾವ ಬಾಗಿಲು ತೆರೆಯಬೇಡ ಎಂದಿದ್ದಾರೋ ಅವಳು ಅದನ್ನೇ ತೆರೆಯಬೇಕು. ಮತ್ತೆ ಕೊನೆಯಲ್ಲಿ ಬಂಗಲೆ ಬೀಳಬೇಕು, ಇಲ್ಲವೇ ಸುಟ್ಟುಹೋಗಬೇಕು. ಈ ಕೊನೆಯ ನಿಯಮ ಮಾತ್ರ ಓದಕ್ಕನಿಗೆ ಸೇರುತ್ತಿರಲಿಲ್ಲ.

ಅದಕ್ಕೆ ಕಾರಣವೂ ಇತ್ತು. ಗಂಡ ಸತ್ತ ವರ್ಷ ಭಾವ ಅವಳನ್ನು ಮನೆಯಿಂದ ಹೊರಗೆ ಹಾಕಿದ್ದ. ಅವಳೂ ಅವಳ ಗಂಡನೂ ಕೈಯಾರೆ ಇಟ್ಟಿಗೆ ಹೊತ್ತು ಕಟ್ಟಿದ ಮನೆ ಅದು. ಸೊಂಟದ ಮೇಲೆ ಮಗಳು, ಕೈಯಲ್ಲಿ ಒಂದು ಟ್ರಂಕು, ಅಷ್ಟೇ ಅವಳ ಪಾಲು. ಮನೆ ಕಳಕೊಂಡವಳಿಗೆ ಮನೆ ಸುಡುವುದನ್ನು ಓದುವುದೆಂದರೆ ಸಂಕಟ. ಆದರೂ ಪುಸ್ತಕದಲ್ಲಿ ಇದ್ದದ್ದನ್ನು ಇದ್ದ ಹಾಗೇ ಓದುತ್ತಿದ್ದಳು.

ಹೀಗಿರುವಾಗ ಹೊಸ ಸೂಪರ್‌ವೈಸರ್ ಬಂದ. ಚಿಕ್ಕ ವಯಸ್ಸು, ಇಸ್ತ್ರಿ ಮಾಡಿದ ಅಂಗಿ, ಎಲ್ಲದಕ್ಕೂ ಆತುರ. ಅವನಿಗೆ ಈ ಕುರ್ಚಿ ಕಣ್ಣಿಗೆ ಬಿದ್ದ ಧೂಳಾಯಿತು. ಅದೇ ಹೊತ್ತಿಗೆ ಹಾಲಿನಲ್ಲಿ ಒಂದು ಕಥೆ ಎಲ್ಲರ ತಲೆ ಕೆಡಿಸಿತ್ತು. ತಬ್ಬಲಿ ಹುಡುಗಿಯೊಬ್ಬಳು ಚಿಕ್ಕಪ್ಪನ ಬಂಗಲೆಗೆ ಬರುತ್ತಾಳೆ. ಬಂಗಲೆ ನ್ಯಾಯವಾಗಿ ಅವಳದೇ, ಅವಳ ಅಪ್ಪ ಬಿಟ್ಟುಹೋದದ್ದು. ಮಹಡಿಯ ಮೇಲೆ ಸತ್ತುಹೋದ ಚಿಕ್ಕಮ್ಮನ ಕೋಣೆ, ಅದಕ್ಕೆ ಬೀಗ. ಕತ್ತಲಾದರೆ ಆ ಕೋಣೆಯ ಕಿಟಕಿಯಲ್ಲಿ ದೀಪ ಅಲ್ಲಾಡುತ್ತದೆ, ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ. ಮನೆ ನೋಡಿಕೊಳ್ಳುವ ಹೆಂಗಸು ಸೊಂಟದಲ್ಲಿ ಕೀಲಿಕೈ ಗೊಂಚಲು ಸಿಕ್ಕಿಸಿಕೊಂಡು ಮೂಕಿಯಂತೆ ಓಡಾಡುತ್ತಾಳೆ.

ದೀಪ ಹಿಡಿದದ್ದು ಯಾರು? ಹಾಲು ಎರಡು ಹೋಳಾಯಿತು. ಎಲ್ಲರಿಗಿಂತ ಹಿರಿಯಳಾದ ದೊಡ್ಡಮ್ಮನ ಬೆಂಚಿನವರು ಅದು ಚಿಕ್ಕಮ್ಮನ ದೆವ್ವವೇ, ಅದಕ್ಕೆ ಹೇಳಿಕೊಳ್ಳಬೇಕಾದ ಏನೋ ಇದೆ ಎಂದು ಪಟ್ಟು ಹಿಡಿದರು. ಛತ್ರಿಗೆ ಹಿಡಿ ಹಾಕುವವಳನ್ನು ಅವಳ ವಾದಕ್ಕೆ ಮೆಚ್ಚಿ ವಕೀಲಮ್ಮ ಎಂದು ಕರೆಯುತ್ತಿದ್ದರು. ಅವಳ ಬೆಂಚಿನವರು ಇದು ಹುಡುಗಿಯನ್ನು ಹೆದರಿಸಿ ಓಡಿಸಲು ಚಿಕ್ಕಪ್ಪ ಹೂಡಿದ ಆಟ ಎಂದರು. ಮಾತಿಗೆ ಮಾತು ಬೆಳೆಯಿತು. ಊಟಕ್ಕೆ ಬೇರೆ ಬೇರೆ ಕೂರತೊಡಗಿದರು. ಕೊನೆಗೆ ದೊಡ್ಡಮ್ಮನ ಕಡೆಯವರು ಹೊಲಿದ ಛತ್ರಿಗಳನ್ನು ವಕೀಲಮ್ಮನ ಬೆಂಚಿಗೆ ದಾಟಿಸುವುದನ್ನೇ ನಿಲ್ಲಿಸಿದರು. ಹಿಡಿಯಿಲ್ಲದ ಛತ್ರಿಗಳು ಮೂಲೆಯಲ್ಲಿ ರಾಶಿ ಬಿದ್ದವು.

ಸೂಪರ್‌ವೈಸರ್‌ಗೆ ಬೇಕಾದದ್ದೂ ಅದೇ. ಓದಕ್ಕನನ್ನು ಕರೆದು, ನಾಳೆಗೆ ಕಥೆ ಮುಗಿಯಬೇಕು, ಕಥೆಯ ಜೊತೆ ಜಗಳವೂ ಮುಗಿಯಬೇಕು ಎಂದ. ಮುಗಿಯದಿದ್ದರೆ ಹಾಲಿಗೆ ರೇಡಿಯೋ ತಂದು ಹಾಕುತ್ತೇನೆ, ನೀವು ನಿಮ್ಮ ಸೂಜಿ ಹಿಡಿಯಬಹುದು ಎಂದ. ಹೆಬ್ಬೆರಳಿನ ವಿಷಯ ಅವನಿಗೂ ಗೊತ್ತಿತ್ತು. ಸೂಜಿ ಹಿಡಿ ಎಂದರೆ ಮನೆಗೆ ಹೋಗು ಎಂದೇ ಅರ್ಥ.

ಓದಕ್ಕನದೊಂದು ಪದ್ಧತಿ. ಪುಸ್ತಕವನ್ನು ಯಾವತ್ತೂ ಮುಂದಾಗಿ ಓದಿಕೊಳ್ಳುತ್ತಿರಲಿಲ್ಲ. ತನಗೇ ಗೊತ್ತಿದ್ದರೆ ದನಿಯಲ್ಲಿ ಹೆದರಿಕೆ ಎಲ್ಲಿಂದ ಬರಬೇಕು ಎನ್ನುವುದು ಅವಳ ವಾದ. ಅಂದು ಸಂಜೆ ಮಾತ್ರ, ನಾಳೆಯ ಚಿಂತೆಗೆ, ಮನೆಗೆ ಬಂದವಳೇ ಕೊನೆಯ ಅಧ್ಯಾಯ ತೆರೆದಳು. ಹುಡುಗಿ ಗೊಂಚಲಿನಿಂದ ಒಂದು ಕೀಲಿಕೈ ಕದ್ದು ಮಹಡಿ ಹತ್ತುತ್ತಾಳೆ. ಕೈ ಚಾಚುತ್ತಾಳೆ. ಬೀಗ ಅಲ್ಲಿಲ್ಲ. ಬಾಗಿಲು ಒಳಗಿನಿಂದ ತಾನಾಗಿ ತೆರೆಯುತ್ತದೆ. ಅಲ್ಲಿಗೆ ಪುಸ್ತಕ ಮುಗಿದಿತ್ತು. ಮುಂದಿನ ಹಾಳೆಗಳನ್ನು ಯಾರೋ ಪುಣ್ಯಾತ್ಮರು ಯಾವ ಕಾಲದಲ್ಲೋ ಹರಿದುಕೊಂಡಿದ್ದರು.

ಓದಕ್ಕ ಹಳೆಯ ಪುಸ್ತಕದ ಅಂಗಡಿಗೆ ಓಡಿದಳು, ಇನ್ನೊಂದು ಪ್ರತಿ ಇರಲಿಲ್ಲ. ವಾಪಸ್ ಬರುವ ಹೊತ್ತಿಗೆ ಮಗಳು ಅಡುಗೆಗೆ ತರಕಾರಿ ಹೆಚ್ಚುತ್ತಿದ್ದಳು. ಎಲ್ಲ ಕೇಳಿ, ತಲೆಯೆತ್ತದೆ ಹೇಳಿದಳು:

"ಇಷ್ಟು ವರ್ಷ ಓದಿದೀಯಲ್ಲಮ್ಮ, ನೀನೇ ಮುಗಿಸು. ಆದ್ರೆ ಪುಸ್ತಕದಲ್ಲಿದೆ ಅಂತ ಸುಳ್ಳು ಹೇಳ್ಬೇಡ."

ಓದಕ್ಕ ಪಾತ್ರೆ ತೊಳೆಯುತ್ತಾ, ಬಟ್ಟೆ ಮಡಚುತ್ತಾ ಯೋಚಿಸಿದಳು. ಚಿಕ್ಕಪ್ಪ ಎಂದರೆ ದೊಡ್ಡಮ್ಮ ಬಿಡುವುದಿಲ್ಲ, ದೆವ್ವ ಎಂದರೆ ವಕೀಲಮ್ಮ ಬಿಡುವುದಿಲ್ಲ. ದೀಪಕ್ಕೆ ಉತ್ತರ ಬೇಕು, ಹೆಜ್ಜೆಗೆ ಉತ್ತರ ಬೇಕು, ಆ ಮೂಕ ಹೆಂಗಸಿನ ಮೌನಕ್ಕೂ ಒಂದು ಬೆಲೆ ಬರಬೇಕು. ಮಲಗುವ ಹೊತ್ತಿಗೆ ಎಲ್ಲವೂ ಜಾಗಕ್ಕೆ ಕೂತಿತ್ತು, ಒಂದನ್ನು ಬಿಟ್ಟು. ಬಂಗಲೆಯನ್ನು ಏನು ಮಾಡುವುದು?

ಮರುದಿನ ಸೂಪರ್‌ವೈಸರ್ ಬಾಗಿಲಿಗೆ ಒರಗಿ ಕೈಕಟ್ಟಿ ನಿಂತಿದ್ದ. ಓದಕ್ಕ ಬಾಗಿಲು ತಾನಾಗಿ ತೆರೆಯುವವರೆಗೆ ಓದಿ, ಪುಸ್ತಕ ಮುಚ್ಚಿ ತೊಡೆಯ ಮೇಲಿಟ್ಟುಕೊಂಡಳು.

"ಪುಸ್ತಕ ಇಲ್ಲಿಗೆ ಹರಿದುಹೋಗಿದೆ," ಎಂದಳು. "ಮುಂದಿಂದು ನಾನು ಹೇಳ್ತೀನಿ. ಬೇಡ ಅಂದ್ರೆ ಈಗಲೇ ಹೇಳಿ."

ಯಾರೂ ಬೇಡ ಎನ್ನಲಿಲ್ಲ. ಅವಳು ಕೈಯಲ್ಲಿ ಪುಸ್ತಕವಿಲ್ಲದೆ ಮೊದಲ ಸಲ ಅವರ ಮುಖಗಳನ್ನು ನೋಡುತ್ತಾ ಕಥೆ ಹೇಳಿದಳು. ಕೋಣೆಯೊಳಗೆ ನಿಂತಿದ್ದವನು ಚಿಕ್ಕಪ್ಪ, ಸತ್ತ ಹೆಂಡತಿಯ ಶಾಲು ಹೊದ್ದು, ಕೈಯಲ್ಲಿ ದೀಪ ಹಿಡಿದು. ವಕೀಲಮ್ಮ ಹಿಡಿಯಿಂದ ಬೆಂಚು ಕುಟ್ಟಿದಳು. ಗುಟ್ಟು ಬಯಲಾದ ಸಿಟ್ಟಿಗೆ ಅವನು ಹುಡುಗಿಯನ್ನು ಮೆಟ್ಟಿಲಿಂದ ತಳ್ಳಲು ಮುಂದೆ ಬಂದ. ಆಗ ಅವನ ಬೆನ್ನ ಹಿಂದೆ, ಕಿಟಕಿಯ ಹತ್ತಿರ, ಇನ್ನೊಂದು ದೀಪ ಹೊತ್ತಿತು. ಅದನ್ನು ಹಿಡಿದ ಕೈ ಇರಲಿಲ್ಲ. ದೊಡ್ಡಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಚಿಕ್ಕಪ್ಪ ತಿರುಗಿ ನೋಡಿದ, ಕೈಲಿದ್ದ ದೀಪ ಬಿಸುಟ, ಹೆಂಡತಿಯ ಶಾಲಿನಲ್ಲೇ ಬೀದಿಗೆ ಓಡಿದ. ಅವನ ಸಾಚಾತನ ಏನೆಂದು ಊರಿಗೆಲ್ಲ ಗೊತ್ತಾಯಿತು.

ಬಿದ್ದ ದೀಪದಿಂದ ಎಣ್ಣೆ ಚೆಲ್ಲಿತು. ಕಂಬಳಿಗೆ ಬೆಂಕಿ ಹತ್ತಿತು. ಹಾಲಿನಲ್ಲಿ ಎಲ್ಲರಿಗೂ ನಿಯಮ ಗೊತ್ತು, ಸೂಜಿಗಳು ನಿಂತವು. ಓದಕ್ಕನೂ ಅಲ್ಲಿ ನಿಂತಳು. ಮುಂದೇನು ಎಂದು ಆ ಗಳಿಗೆಯವರೆಗೂ ಅವಳಿಗೇ ಗೊತ್ತಿರಲಿಲ್ಲ. ತಾನು ಹೊತ್ತ ಇಟ್ಟಿಗೆಗಳು ಕಣ್ಣ ಮುಂದೆ ಬಂದವು. ಕೆಟ್ಟವನು ಓಡಿಹೋದ ಮೇಲೆ ಮನೆ ಮಾಡಿದ ತಪ್ಪೇನು ಎಂದು ಅವಳಿಗೆ ಸಿಟ್ಟು ಬಂತು, ಇಷ್ಟು ವರ್ಷ ಓದಿದ ಅಷ್ಟೂ ಪುಸ್ತಕಗಳ ಮೇಲೆ ಬಂತು. ಮನೆ ನೋಡಿಕೊಳ್ಳುವ ಹೆಂಗಸು ಮೆಟ್ಟಿಲೇರಿ ಬಂದಳು, ಎಂದಳು ಓದಕ್ಕ. ಬಕೆಟ್ಟಿನ ನೀರು ಸುರಿದಳು, ಮಿಕ್ಕ ಕಿಡಿಗಳನ್ನು ಚಪ್ಪಲಿಕಾಲಲ್ಲಿ ಹೊಸಕಿದಳು. ಆಮೇಲೆ ಇಡೀ ಪುಸ್ತಕದಲ್ಲಿ ಒಂದು ಮಾತೂ ಆಡದವಳು ಸೊಂಟದಿಂದ ಗೊಂಚಲು ಬಿಚ್ಚಿ ಹುಡುಗಿಯ ಕೈಗಿಟ್ಟು ಹೇಳಿದಳು:

"ಇದು ನಿನ್ನ ಮನೆ ಕಣಮ್ಮ. ಎಲ್ಲಿಗೂ ಓಡ್ಬೇಡ. ಕೀಲಿಕೈ ತಗೋ."

ಹುಡುಗಿ ಓಡಲಿಲ್ಲ. ಒಂದೊಂದೇ ಕಿಟಕಿ ತೆರೆದಳು. ಕಿಟಕಿಯ ಬಳಿಯ ದೀಪ ಬೆಳಕಾಗುವವರೆಗೂ ಉರಿದು, ತಾನಾಗಿ ಆರಿತು.

ಕಥೆ ಮುಗಿಯುತ್ತಲೇ ದೊಡ್ಡಮ್ಮ ಕಣ್ಣೊರೆಸಿಕೊಂಡು, ಮೂಲೆಯ ರಾಶಿಯಿಂದ ಛತ್ರಿಗಳನ್ನು ತೋಳ್ತುಂಬ ಎತ್ತಿಕೊಂಡು ಹೋಗಿ ವಕೀಲಮ್ಮನ ಬೆಂಚಿನ ಮೇಲೆ ಇಟ್ಟಳು. ವಕೀಲಮ್ಮ ಹಿಡಿ ಹಾಕತೊಡಗಿದಳು. ಸೂಪರ್‌ವೈಸರ್ ಕಟ್ಟಿದ್ದ ಕೈ ಬಿಚ್ಚಿ ಕೆಳಗೆ ಇಳಿದುಹೋದ. ರೇಡಿಯೋ ಮಾತು ಮತ್ತೆ ಬರಲಿಲ್ಲ.

ಆದರೆ ವಕೀಲಮ್ಮ ಹೆಸರಿಗೆ ತಕ್ಕವಳು. ನಿಜವಾದ ಕೊನೆ ಏನಿತ್ತು ಎನ್ನುವ ಹುಳ ಅವಳ ತಲೆಯಲ್ಲಿ ಉಳಿದುಬಿಟ್ಟಿತ್ತು. ಊರಿನ ಹಳೆಯ ಪುಸ್ತಕದ ಅಂಗಡಿಗಳನ್ನೆಲ್ಲ ಜಾಲಾಡಿ, ಕೆಲವು ವಾರಗಳ ಮೇಲೆ ಹಾಳೆ ಹರಿಯದ ಪ್ರತಿಯೊಂದನ್ನು ತಂದೇ ತಂದಳು. ಓದಕ್ಕ ಅದನ್ನು ಕೈಗೆ ತೆಗೆದುಕೊಂಡಳು. ಹಿಂಜರಿಯದೆ ಎಲ್ಲರೆದುರು ಗಟ್ಟಿಯಾಗಿ ಓದಿದಳು. ಈ ಸಲ ಸೂಪರ್‌ವೈಸರ್ ಬಾಗಿಲಲ್ಲಿ ನಿಲ್ಲದೆ ಒಳಗೆ ಬಂದು ಬೆಂಚಿನ ತುದಿಯಲ್ಲಿ ಕೂತಿದ್ದ.

ಪುಸ್ತಕದಲ್ಲಿ ದೆವ್ವವೇ ಇರಲಿಲ್ಲ. ಇದ್ದದ್ದು ಚಿಕ್ಕಪ್ಪ ಮಾತ್ರ. ದೀಪ ಬಿತ್ತು, ಬಂಗಲೆ ಹೊತ್ತಿ ಉರಿಯಿತು, ಚಿಕ್ಕಪ್ಪ ಅದರಲ್ಲೇ ಸುಟ್ಟುಹೋದ. ಹುಡುಗಿ ಗೇಟಿನವರೆಗೆ ಓಡಿ ಮೂರ್ಛೆ ಬಿದ್ದಳು. ಅದೇ ಹೊತ್ತಿಗೆ ಸರಿಯಾಗಿ ಅಲ್ಲಿಗೆ ಬಂದ ಡಾಕ್ಟರ್ ಹುಡುಗ ಅವಳನ್ನು ಎತ್ತಿಕೊಂಡು ಹೋಗಿ ಮದುವೆಯಾದ. ಮನೆ ನೋಡಿಕೊಳ್ಳುವ ಹೆಂಗಸು ಏನಾದಳೆಂದು ಬರೆದವರಿಗೆ ನೆನಪೇ ಇರಲಿಲ್ಲ.

ಎಲ್ಲರೂ ವಕೀಲಮ್ಮನ ಕಡೆ ತಿರುಗಿದರು. ಪುಸ್ತಕದ ಪ್ರಕಾರ ಗೆದ್ದವಳು ಅವಳೇ, ಪೂರ್ತಿಯಾಗಿ ಗೆದ್ದಿದ್ದಳು. ದೊಡ್ಡಮ್ಮ ಸೋತ ಮುಖ ಮಾಡಿಕೊಂಡು ದಾರ ಪೋಣಿಸುವ ನೆಪದಲ್ಲಿ ತಲೆ ತಗ್ಗಿಸಿದಳು. ಯಾವ ಕೊನೆ ಇಟ್ಟುಕೊಳ್ಳುವುದು, ಕೈ ಎತ್ತಿ ಎಂದು ಯಾರೋ ಅಂದರು. ಓದಕ್ಕ ಹೇಳಿದ್ದೇ ಇರಲಿ ಎನ್ನುವವರು ಎತ್ತಿ ಎಂದಾಗ ಮೊದಲು ಮೇಲೆ ಹೋದದ್ದು ವಕೀಲಮ್ಮನ ಕೈ. ಹಿಂದೆಯೇ ಎರಡೂ ಬೆಂಚುಗಳ ಕೈಗಳು ಸೂಜಿ, ಹಿಡಿಗಳ ಸಮೇತ ಎದ್ದವು. ಬೆಂಚಿನ ತುದಿಯಿಂದ ಇಸ್ತ್ರಿ ತೋಳಿನ ಕೈಯೊಂದೂ ಎದ್ದಿತು. ಓದಕ್ಕನಿಗೆ ಕಣ್ಣು ಮಂಜಾಗಿ ಎದುರಿಗಿದ್ದವರು ಯಾರೆಂದು ಕಾಣಲಿಲ್ಲ. ಇಷ್ಟು ಕಾಲ ಆ ಕುರ್ಚಿಯಲ್ಲಿ ಬೇರೆಯವರ ಛತ್ರಿಗಳ ಋಣದಲ್ಲಿ ಕೂತಿದ್ದೇನೆ ಎಂದುಕೊಂಡಿದ್ದವಳು ಅವಳು. ಅಂದು ಮೊದಲ ಸಲ ಅದು ತನ್ನ ಜಾಗ ಎನ್ನಿಸಿತು.

ವಕೀಲಮ್ಮ ಎದ್ದು ಬಂದು ಆ ಪುಸ್ತಕವನ್ನು ಅವಳ ಕೈಯಿಂದ ತೆಗೆದುಕೊಂಡಳು.

"ಇದನ್ನ ಅಂಗಡಿಗೆ ವಾಪಸ್ ಕೊಡ್ತೀನಿ," ಎಂದಳು. "ಕೊನೆ ಸರಿಯಿಲ್ಲ."