ಸ್ಯಾಂಪಲ್‌ಗೆ ಬಾರದವರು

ಹೋದ ತಿಂಗಳು ವಿಭಾಗದ ಹಳೆಯ ಬೀರು ಖಾಲಿ ಮಾಡುವಾಗ ನನ್ನದೇ ಒಂದು ಕಟ್ಟು ಸಿಕ್ಕಿತು. ಬಿಚ್ಚಿದರೆ ಸೈಕ್ಲೋಸ್ಟೈಲ್ ಶಾಯಿಯ ವಾಸನೆ, ಅದರ ಜೊತೆಗೆ ಬೇವಿನ ಕಹಿ ವಾಸನೆ. ಪ್ರಶ್ನಾವಳಿಯ ಹಾಳೆಗಳ ನಡುವೆ ಇಟ್ಟಿದ್ದ ಬೇವಿನೆಲೆ ಒಣಗಿ ಪುಡಿಯಾಗಿತ್ತು. ಎಲೆ ಇಟ್ಟವಳು ನಾನಲ್ಲ. ಹುಳ ತಿಂದಾವು ಅಂತ ಇಟ್ಟವರು ಬಿಳಿಚೋಡಿನ ನರ್ಸಮ್ಮ. ನಿವೃತ್ತಿಗೆ ಕೆಲವೇ ತಿಂಗಳು ಉಳಿದಿರುವ ನಾನು ಆ ಪುಡಿಯನ್ನು ಕೈಯಲ್ಲಿ ಹಿಡಿದುಕೊಂಡು ತುಂಬಾ ಹೊತ್ತು ಕುಳಿತುಬಿಟ್ಟೆ…

ಮೂವತ್ತು ವರ್ಷದ ಹಿಂದಿನ ಮಾತು. ಆಗ ನಾನು ಮನಃಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದೆ. ರೈತ ಮನೆಗಳ ಸೊಸೆಯಂದಿರ ಮಾನಸಿಕ ಒತ್ತಡ ನನ್ನ ವಿಷಯ. ಚನ್ನಗಿರಿಯಲ್ಲಿ ಹುಟ್ಟಿ ಬೆಳೆದವಳಾದರೂ ಊರ ಹೆಂಗಸರ ಕಷ್ಟ ನನಗೆ ಗೊತ್ತಿದ್ದದ್ದು ಪುಸ್ತಕದಲ್ಲಿ ಮಾತ್ರ. ಜಗಳೂರು ತಾಲ್ಲೂಕಿಗೆ ಹೋಗು ಅಂತ ನಮ್ಮ ಗೈಡ್ ಹೇಳಿದರು, ಹೊರಟೆ. ಆ ತಾಲ್ಲೂಕಿನ ಬಿಳಿಚೋಡಿನಲ್ಲಿ ಇಳಿದುಕೊಳ್ಳಲು ಲಾಡ್ಜ್ ಇರಲಿಲ್ಲ. ಆಸ್ಪತ್ರೆಯ ನರ್ಸಮ್ಮ ತಮ್ಮ ಕ್ವಾರ್ಟರ್ಸಿನಲ್ಲಿ ಜಾಗ ಕೊಟ್ಟರು. ಐವತ್ತರ ಹತ್ತಿರದ, ಗಟ್ಟಿ ದನಿಯ, ಒಬ್ಬಂಟಿ ಹೆಂಗಸು.

ಗೈಡ್ ಎರಡು ನಿಯಮ ಹೇಳಿ ಕಳಿಸಿದ್ದರು. ಪ್ರಶ್ನೆ ಕೇಳುವಾಗ ಮೂರನೆಯವರು ಇರಕೂಡದು. ಉತ್ತರ ಏನೇ ಬಂದರೂ ನಿನ್ನ ಮುಖದಲ್ಲಿ ಏನೂ ಕಾಣಕೂಡದು. ಎರಡನೆಯದನ್ನು ನಾನು ಚೆನ್ನಾಗಿಯೇ ಕಲಿತಿದ್ದೆ. ಮೊದಲನೆಯದು ಮಾತ್ರ ಮೊದಲ ಮನೆಯಲ್ಲೇ ನೆಲ ಕಚ್ಚಿತು. ಸೊಸೆಗೆ ನಿದ್ದೆ ಬರುತ್ತದೆಯೇ ಅಂತ ಕೇಳಿದರೆ ಅತ್ತೆ ಉತ್ತರ ಕೊಟ್ಟರು. ಊಟ ಸೇರುತ್ತದೆಯೇ ಅಂದರೆ ಅದಕ್ಕೂ ಅತ್ತೆಯೇ. ಸೊಸೆ ಸೆರಗಿನ ಅಂಚು ತಿರುವುತ್ತಾ ನೆಲ ನೋಡುತ್ತಿದ್ದಳು.

ಇದಕ್ಕೆ ದಾರಿ ಹುಡುಕಿದವರು ನರ್ಸಮ್ಮ. ಮರುದಿನದಿಂದ ಬಿ.ಪಿ. ನೋಡುವ ಪೆಟ್ಟಿಗೆ ಹಿಡಿದು ನನ್ನ ಜೊತೆ ಹೊರಟರು. ಅತ್ತೆಯನ್ನು ಹೊರಗೆ ಜಗಲಿಯ ಮೇಲೆ ಕೂರಿಸಿ ತೋಳಿಗೆ ಪಟ್ಟಿ ಸುತ್ತುವರು, ಒಳಗೆ ನಾನು ಸೊಸೆಯ ಮುಂದೆ ಹಾಳೆ ಬಿಡಿಸುವೆ. ನನ್ನ ಪ್ರಶ್ನೆಗಳು ಮುಗಿಯುವವರೆಗೆ ಅವರ ಬಿ.ಪಿ. ಮುಗಿಯುತ್ತಿರಲಿಲ್ಲ. ಅತ್ತೆ ಏಳಲು ನೋಡಿದರೆ, "ಇರ್ರಿ ಅಜ್ಜಿ, ಬಲಗೈಯಾಗೆ ಒಂದು ತೋರಸ್ತೈತೆ, ಎಡಗೈಯಾಗೆ ಒಂದು ತೋರಸ್ತೈತೆ, ಇನ್ನೊಂದ್ಸಲ ನೋಡಾನ" ಅನ್ನುವರು. ನಾನು ಒಳಗಿನಿಂದ ಕೆಮ್ಮಿದರೆ ಕೆಲಸ ಮುಗಿಯಿತು ಅಂತ ಅರ್ಥ. ಆಗ ಪಟ್ಟಿ ಬಿಚ್ಚಿ, "ಭಾಳ ಚೆನ್ನಾಗೈತೆ ನಿಮ್ ಬಿ.ಪಿ." ಅಂತ ಸರ್ಟಿಫಿಕೇಟು ಕೊಡುವರು. ಸಂಶೋಧನಾ ವಿಧಾನದ ಯಾವ ಪಠ್ಯದಲ್ಲೂ ಈ ಉಪಾಯ ಇಲ್ಲ. ನನ್ನ ಪ್ರಬಂಧದಲ್ಲೂ ನಾನು ಬರೆಯಲಿಲ್ಲ.

ಒಂದು ಮನೆಯಲ್ಲಿ ಸೊಸೆ ಬಿಕ್ಕಿ ಬಿಕ್ಕಿ ಅತ್ತಳು. ನಾನು ನಿಯಮದಂತೆ ಮುಖ ಬಿಗಿದುಕೊಂಡು ಮುಂದಿನ ಪ್ರಶ್ನೆಗೆ ಹೋದೆ. ಹೊರಗೆ ಬಂದ ಮೇಲೆ ನರ್ಸಮ್ಮ ನನ್ನನ್ನು ತರಾಟೆಗೆ ತೆಗೆದುಕೊಂಡರು. "ಅಳೋರ ಮುಂದೆ ಪೆನ್ ಹಿಡ್ಕಂಡು ಕುಂದ್ರಬಾರದು ಮೇಡಂ" ಅಂದು, ತಾವು ಮತ್ತೆ ಒಳಗೆ ಹೋಗಿ ಅರ್ಧ ಗಂಟೆ ಅವಳ ಪಕ್ಕ ಕುಳಿತು ಬಂದರು. ನನಗೆ ಆ ದಿನದ ಮನೆಗಳ ಲೆಕ್ಕ ತಪ್ಪಿತಲ್ಲ ಅಂತ ಒಳಗೊಳಗೇ ಸಿಟ್ಟು.

ಅದೇ ಊರಿನ ಇನ್ನೊಬ್ಬಾಕೆ, ನನ್ನ ಪ್ರಶ್ನೆಗಳೆಲ್ಲ ಮುಗಿದ ಮೇಲೆ, ದನಿ ತಗ್ಗಿಸಿ ಹೇಳಿದಳು: "ನಮ್ಮುನ್ನೆಲ್ಲ ಕೇಳಿದ್ರಿ. ನರ್ಸಮ್ಮನ್ನ ಯಾರು ಕೇಳ್ತಾರೆ? ಅವ್ರ ತಂಗಿ ಮಗೂನ ಹುಟ್ಟಿದಾಗ್ಲಿಂದ ಇವ್ರೇ ಸಾಕಿದ್ರು. ಹೋದ ವರ್ಷ ತಂಗಿ ಬಂದು ಕರ್ಕಂಡೋದ್ರು. ಆರು ವರ್ಷದ ಕೂಸು ನೋಡ್ರಿ." ಕ್ವಾರ್ಟರ್ಸಿನ ಬಾಗಿಲ ಚೌಕಟ್ಟಿನ ಮೇಲೆ ಮಗುವಿನ ಎತ್ತರ ಗುರುತು ಮಾಡಿದ ಸೀಮೆಸುಣ್ಣದ ಗೆರೆಗಳನ್ನು ನಾನೂ ನೋಡಿದ್ದೆ. ಆದರೂ ನರ್ಸಮ್ಮನನ್ನು ಕೇಳಲಿಲ್ಲ. ಬೇರೆಯವರ ನೋವಿನಲ್ಲಿ ಮೂಗು ತೂರಿಸಬಾರದು ಅಂತ ನನಗೆ ನಾನೇ ಹೇಳಿಕೊಂಡೆ. ದಿನವಿಡೀ ಮಾಡುತ್ತಿದ್ದದ್ದು ಅದೇ ಕೆಲಸವಾಗಿದ್ದರೂ…

ನಲವತ್ತು ದಿನ ಕಳೆಯಿತು. ಕೊನೆಯ ದಿನ ಮಧ್ಯಾಹ್ನ ನಾನು ಫಾರಂಗಳನ್ನು ಜೋಡಿಸುತ್ತಿದ್ದೆ. ನರ್ಸಮ್ಮ ಪಾತ್ರೆ ತೊಳೆದ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು ನನ್ನ ಎದುರಿಗೆ ಕುಳಿತರು. ಆ ಹೆಂಗಸರು ಕೂರುತ್ತಿದ್ದ ಹಾಗೇ, ಕೈ ಮಡಿಲಲ್ಲಿಟ್ಟುಕೊಂಡು.

"ಒಂದು ಫಾರಂ ಉಳದೈತಲ್ಲ ಮೇಡಂ. ನನ್ನೂ ಕೇಳ್ರಿ."

ನಾನು ನಕ್ಕುಬಿಟ್ಟೆ. ಅವರ ವಯಸ್ಸು ಮೀರಿದೆ, ರೈತ ಮನೆಯವರಲ್ಲ, ಯಾರ ಸೊಸೆಯೂ ಅಲ್ಲ ಅಂತ ಪಾಠ ಒಪ್ಪಿಸಿದೆ. "ನೀವು ಸ್ಯಾಂಪಲ್‌ಗೆ ಬರೋದಿಲ್ಲ ನರ್ಸಮ್ಮ" ಅಂದೆ.

"ಹಂಗಾರೆ ಬರ್ಕಾಬ್ಯಾಡ್ರಿ. ಬರೇ ಕೇಳ್ರಿ."

ನಾನು ಗಡಿಯಾರ ನೋಡಿದೆ. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಕೇಳಲು ಅಷ್ಟು ಹೊತ್ತು ಸಾಕಿತ್ತು. ಆದರೆ ನನ್ನ ಮನಸ್ಸು ಆಗಲೇ ವಿಶ್ವವಿದ್ಯಾನಿಲಯ ಸೇರಿ ಅಂಕ ಕೂಡಿಸುತ್ತಿತ್ತು. ಮುಂದಿನ ಸಲ ಬಂದಾಗ ಆರಾಮಾಗಿ ಕೂತು ಮಾತಾಡೋಣ ಅಂದೆ. ಅವರು "ಆತು ಬಿಡ್ರಿ, ಬಸ್ ಹೋದೀತು" ಅಂತ ಎದ್ದರು. ಕಟ್ಟನ್ನು ಬಸ್ಸಿನ ತನಕ ತಾವೇ ಹೊತ್ತು ತಂದರು.

ಮುಂದಿನ ಸಲ ಬರಲೇ ಇಲ್ಲ. ಡಾಕ್ಟರೇಟ್ ಬಂತು, ಕೆಲಸ ಬಂತು. ಕೃತಜ್ಞತೆಯ ಪುಟದಲ್ಲಿ "ಸ್ಥಳೀಯ ಆರೋಗ್ಯ ಸಿಬ್ಬಂದಿಗೆ" ಅಂತ ಒಂದು ಅರ್ಧ ಸಾಲು ಬರೆದು ಕೈ ತೊಳೆದುಕೊಂಡಿದ್ದೆ. ಆಮೇಲೆ ನಾನು ಊರೂರು ತಿರುಗಿ ಕಾಲೇಜುಗಳಲ್ಲಿ ಕಿವಿಗೊಟ್ಟು ಕೇಳುವುದು ಹೇಗೆ ಅಂತ ಭಾಷಣ ಮಾಡಿದ್ದೇನೆ. ಹೊನ್ನಾಳಿಯಲ್ಲಿ ಅದಕ್ಕೆ ಶಾಲು ಹೊದಿಸಿಕೊಂಡೂ ಬಂದಿದ್ದೇನೆ. ನೆನೆದರೆ ನಾಚಿಕೆಯಾಗುತ್ತದೆ. ಈಗ ನನ್ನ ವಿದ್ಯಾರ್ಥಿಗಳು ಟ್ಯಾಬ್ ಹಿಡಿದು ಹೋಗುತ್ತಾರೆ. ಒಪ್ಪಿಗೆ ಪತ್ರ ಇದೆ, ನೈತಿಕ ಸಮಿತಿ ಇದೆ, ಉತ್ತರ ಕೊಡುವವರು ಅತ್ತರೆ ಯಾರ ಬಳಿ ಕಳಿಸಬೇಕು ಅಂತ ನಿಯಮವೂ ಇದೆ. ಮನೆಮನೆಗೆ ಕರೆದುಕೊಂಡು ಹೋಗುವವರ ವಿಚಾರ ಮಾತ್ರ ಈಗಲೂ ಯಾವ ಅರ್ಜಿಯಲ್ಲೂ ಇಲ್ಲ.

ಕಟ್ಟು ಸಿಕ್ಕ ಮೇಲೆ ಜಗಳೂರಿನ ಒಬ್ಬ ವಿದ್ಯಾರ್ಥಿನಿಯ ಮೂಲಕ ವಿಚಾರಿಸಿದೆ. ನಿವೃತ್ತರಾದ ಮೇಲೆ ನರ್ಸಮ್ಮ ನ್ಯಾಮತಿಯಲ್ಲಿ ತಂಗಿಯ ಮನೆ ಸೇರಿದ್ದರಂತೆ. ಹೋದ ಭಾನುವಾರ ಹೊನ್ನಾಳಿಯಲ್ಲಿ ಬಸ್ಸು ಬದಲಿಸಿ ನ್ಯಾಮತಿಗೆ ಹೋದೆ. ಬಾಗಿಲು ತೆಗೆದವರು ತಂಗಿ, ಎಪ್ಪತ್ತರ ಹತ್ತಿರದವರು. ನಾನು ಯಾರು ಅಂತ ಹೇಳುತ್ತಿದ್ದಂತೆ ಕೈ ಹಿಡಿದು ಒಳಗೆ ಕರೆದುಕೊಂಡರು. ಅಕ್ಕ ತೀರಿಹೋಗಿ ಎರಡು ವರ್ಷ ಆಯಿತು ಅಂದರು.

ಟೀ ಕೊಟ್ಟರು. ನಾನು ಕುಡಿಯುವುದನ್ನೇ ನೋಡುತ್ತಾ ಕುಳಿತಿದ್ದವರು ಮೆಲ್ಲಗೆ ಕೇಳಿದರು.

"ಅಕ್ಕ ನಿಮ್ ಮಾತು ಆಡ್ತಿದ್ರು. ಮನಸಿನ ಬಗ್ಗೆ ಓದಿದೋರು ಒಬ್ರು ನಲವತ್ತು ದಿನ ನನ್ ಜೊತೆಗಿದ್ರು ಅಂತ. ಮಗಳನ್ನ ನಾನು ವಾಪಸ್ ಕರ್ಕಂಬಂದೆ ರೀ. ಅದಾದ ಮ್ಯಾಲೆ ಸಾಯೋ ತನಕ ಒಂದಿನನೂ ಅಕ್ಕ ಆ ಮಾತು ಎತ್ತಲಿಲ್ಲ. ಕೇಳಾಕೆ ನನಗೂ ಧೈರ್ಯ ಬರಲಿಲ್ಲ. ನಿಮ್ ಹತ್ರ ಹೇಳಿರ್ತಾರೆ. ನನ್ ಮ್ಯಾಲೆ ಸಿಟ್ಟಿತ್ತಾ ಅವ್ರಿಗೆ?"

ಇಲ್ಲ ಅಂದುಬಿಡಬಹುದಿತ್ತು. ಆ ಒಂದು ಮಾತಿಗೆ ಆಕೆ ಎಷ್ಟೋ ವರ್ಷದಿಂದ ಕಾದಿದ್ದರು. ಆದರೆ ನರ್ಸಮ್ಮ ಆಡದ ಮಾತನ್ನು ನಾನು ಹೇಗೆ ಹೇಳಲಿ… ಅವರು ಹೇಳಲು ಬಂದಿದ್ದರು, ನಾನೇ ಕೇಳಲಿಲ್ಲ ಅಂದೆ.



"ನೀವೂ ಕೇಳಲಿಲ್ವಾ?" ಅಂದರು ಆಕೆ.