ಮಾಗಡಿಯಿಂದ ಕೋಡಿಹಳ್ಳಿಗೆ, ರೇಷ್ಮೆ ಮರಿಗಳ ಜೊತೆ

ಮಾಗಡಿ ಬಿಟ್ಟಾಗ ಬೆಳಗಿನ ಆರು ಗಂಟೆ. ಮಂಜಿಗೆ ಬಸ್‌ಸ್ಟ್ಯಾಂಡಿನಲ್ಲಿ ನಿಂತ ಬಸ್ಸುಗಳ ಬೋರ್ಡೂ ಕಾಣುತ್ತಿರಲಿಲ್ಲ. ಕಲ್ಯದ ಕಡೆಯ ಮರಿಹುಳು ಸಾಕಿ ಮಾರುವ ಚಾಕಿ ಕೇಂದ್ರದಲ್ಲಿ, ಎರಡನೇ ಸಲ ಪೊರೆ ಕಳಚಿ ಜ್ವರ ಎದ್ದ ರೇಷ್ಮೆ ಮರಿಗಳನ್ನು ಪಡೆದು, ಟ್ರೇಗಳನ್ನು ಕಾರಿನ ಹಿಂದಿನ ಸೀಟಿನ ಮೇಲೆ ಜೋಡಿಸಿ, ಬಿಳಿ ಬಟ್ಟೆ ಹೊದಿಸಿದ್ದೆ. ಕೋಡಿಹಳ್ಳಿ ಹತ್ತಿರ ಹುಳು ಸಾಕುವ ತಂಗಿ ಜಯಮ್ಮನಿಗೆ ಅವನ್ನು ಮುಟ್ಟಿಸಬೇಕಿತ್ತು. ರಾಮನಗರ, ಕನಕಪುರ ದಾಟಿ ಸುಮಾರು ಎಪ್ಪತ್ತು ಕಿಲೋಮೀಟರ್ ಹಾದಿ.

ಹೋದ ಸಲ ರೋಗ ಬಂದು ಅವಳ ಹುಳುಗಳೆಲ್ಲ ಸತ್ತಿದ್ದವು. ಈ ಸಲವೂ ಹಾಗಾದರೆ ಹಿಪ್ಪುನೇರಳೆ ಕಿತ್ತು ತೆಂಗು ನೆಡುವುದೆಂದು ಅವಳ ಗಂಡ ಹೇಳಿಬಿಟ್ಟಿದ್ದ. "ಇದೊಂದ್ ಬೆಳೆ ಬುಡು ಅಂತ ಕೇಳ್ಕಂಡಿವ್ನಿ ಕಣಣ್ಣ. ಹುಳಕ್ಕೆ ಚಳಿ ಹೊಡೀದಂಗೆ ತಕಂಬಾ," ಎಂದು ಫೋನಿನಲ್ಲಿ ಹೇಳಿದ್ದಳು. ನನ್ನ ಕಾರಿಗೆ ಹೀಟರ್ ಇದೆ, ನೀನು ನಿಶ್ಚಿಂತೆಯಾಗಿರು ಎಂದು ನಾನು ಜಂಬ ಕೊಚ್ಚಿಕೊಂಡಿದ್ದೆ.

ಊರು ದಾಟಿ ಹೀಟರ್ ಹಾಕಿದರೆ ಫ್ಯಾನೇ ತಿರುಗಲಿಲ್ಲ. ಒಂದರಿಂದ ನಾಲ್ಕರವರೆಗೆ ಗುಂಡಿ ತಿರುಗಿಸಿದೆ, ಡ್ಯಾಶ್‌ಬೋರ್ಡಿಗೆ ಎರಡು ಗುದ್ದಿದೆ. ಏನೂ ಪ್ರಯೋಜನವಾಗಲಿಲ್ಲ. ಗಾಜಿನ ಮಬ್ಬನ್ನು ತೋಳಿನಿಂದ ಒರೆಸಿಕೊಳ್ಳುತ್ತಾ ರಾಮನಗರ ಸೇರಿದೆ. ಅಲ್ಲಿ ಕಾರಿನ ವೈರಿಂಗ್ ಕೆಲಸ ಮಾಡುವ ಹಿರಿಯರೊಬ್ಬರು ಆಗಷ್ಟೇ ಅಂಗಡಿ ತೆಗೆಯುತ್ತಿದ್ದರು.

ಅವರು ಫ್ಯೂಸ್ ಬದಲಿಸಿದರು. ಗುಂಡಿ ತಿರುಗಿಸಿದ ಕೂಡಲೇ ಅದೂ ಸುಟ್ಟಿತು. ಫ್ಯಾನ್ ಎಲ್ಲೋ ಸಿಕ್ಕಿಹಾಕಿಕೊಂಡಿದೆ ಎಂದು, ಎಡಗಡೆ ಸೀಟಿನ ಮುಂದಿನ ಡಬ್ಬಿ ಬಿಚ್ಚಿ ಅದನ್ನು ಹೊರತೆಗೆದರು. ರೆಕ್ಕೆಗಳ ತುಂಬ ಹೊಗೆಸೊಪ್ಪು ಸುತ್ತಿಕೊಂಡಿತ್ತು. ಇಲಿಗಳು ವೈರು ಕಡಿಯುತ್ತವೆಂದು ಬಾನೆಟ್ಟಿನೊಳಗೆ ನಾನೇ ಸಿಕ್ಕಿಸಿದ್ದ ಸೊಪ್ಪು ಅದು. ಒಣಗಿ, ಉದುರಿ ಒಳಕ್ಕೆ ಇಳಿದಿತ್ತು. ಇಬ್ಬರೂ ನಕ್ಕೆವು. ಅವರು ಕೈಯಲ್ಲೇ ಕಿತ್ತು, ಒರೆಸಿ, ಮತ್ತೆ ಕೂರಿಸಿದರು. ಹೊಸ ಫ್ಯೂಸಿಗೆ ಫ್ಯಾನ್ ಗುಂಯ್ ಎಂದಿತು.

"ಒಳಗಿನ್ನೂ ಪುಡಿ ಐತೆ ಸಾರ್. ಟ್ರೇ ಈಚೆಗಿಟ್ಟು, ಗಾಜೆಲ್ಲ ಇಳ್ಸಿ, ಒಸಿ ಹೊತ್ತು ಜೋರಾಗಿ ಬುಡಿ," ಎಂದರು.

ಈ ಚಳಿಯಲ್ಲಿ ಹುಳು ಹೊರಗಿಡುವುದುಂಟೇ ಎಂದು ನಾನು ಅವರ ಮಾತಿಗೆ ಕಿವಿಗೊಡಲಿಲ್ಲ. ಗಾಜು ಭದ್ರವಾಗಿ ಏರಿಸಿ, ಫ್ಯಾನನ್ನು ನಾಲ್ಕಕ್ಕಿಟ್ಟು ಹೊರಟೆ. ದಾರಿಯಲ್ಲಿ ಮೂರ್ನಾಲ್ಕು ಸಲ ಸೀನಿದೆ. ಕನಕಪುರದಲ್ಲಿ ತಟ್ಟೆ ಇಡ್ಲಿ ತಿನ್ನುವಾಗಲೂ ಹುಳುಗಳಿಗೆ ಬೆಚ್ಚಗಿರಲೆಂದು ಎಂಜಿನ್ ಆರಿಸಲಿಲ್ಲ. ಬೀಡಿ ಸೇದಿ ಬಂದವರನ್ನು ಹುಳುಮನೆಯ ಹೊಸಿಲು ದಾಟಲು ಬಿಡದ ಮನೆಯಲ್ಲಿ ಬೆಳೆದವನು ನಾನು. ಹೊಗೆಸೊಪ್ಪಿನ ಗಾಳಿ ರೇಷ್ಮೆ ಹುಳುವಿಗೆ ವಿಷವೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೆ ಆ ದಿನ ನನ್ನ ತಲೆಯಲ್ಲಿದ್ದುದು ಚಳಿಯೊಂದೇ.

ಒಂಬತ್ತೂವರೆಗೆ ತಲುಪಿದೆ. ಜಯಮ್ಮ ಹಿಪ್ಪುನೇರಳೆ ಸೊಪ್ಪು ಕೊಯ್ದು, ಸಣ್ಣಗೆ ಹೆಚ್ಚಿಟ್ಟು ಕಾಯುತ್ತಿದ್ದಳು. ಬಟ್ಟೆ ಸರಿಸಿದಳು. ಹುಳುಗಳು ತಲೆಯೆತ್ತಿ ಓಲಾಡುತ್ತಿದ್ದವು, ಬಾಯಲ್ಲಿ ಹಸಿರು ನೀರು. ಕೆಳಗಿನ ಟ್ರೇಗಳಲ್ಲಿ ಅಲುಗಾಟವೇ ಇರಲಿಲ್ಲ. ಫ್ಯಾನಿನೊಳಗೆ ಉಳಿದಿದ್ದ ಹೊಗೆಸೊಪ್ಪಿನ ಪುಡಿ ನನಗೆ ಆಗ ನೆನಪಾಯಿತು.

ಅವಳು ಟ್ರೇ ಮುಂದೆ ಕುಳಿತು ಹುಳುಗಳನ್ನು ಬೆರಳಿನಿಂದ ಮುಟ್ಟಿ ನೋಡಿದಳು. "ಇಂಥಾ ಚಳೀಲಿ ನಾನು ತರ್ಸ್‌ಬಾರ್ದಾಗಿತ್ತು. ತಪ್ಪು ನಂದೇ ಕಣಣ್ಣ," ಎಂದಳು.

ಚಳಿಯಲ್ಲ, ನನ್ನ ಹೊಗೆಸೊಪ್ಪು ಎಂದು ಹೇಳಬೇಕಿತ್ತು. ಅವಳ ಗಂಡ ಬಾಗಿಲಲ್ಲೇ ನಿಂತಿದ್ದ. ಅವನು ಆಚೆ ಹೋಗಲಿ ಎಂದುಕೊಂಡೆ. ಹೋದ. ಊಟ ಮುಗಿಯಲಿ ಎಂದುಕೊಂಡೆ. ಮುದ್ದೆ, ಅವರೆಕಾಳಿನ ಸಾರು ಬಡಿಸಿದಳು, ತಲೆ ತಗ್ಗಿಸಿ ಉಂಡೆ. ಹೇಳಲಿಲ್ಲ.

ಹೊರಡುವಾಗ ಅವಳು ಹೆಚ್ಚಿಟ್ಟ ಸೊಪ್ಪನ್ನು ಮಂಕರಿಯಲ್ಲಿ ತಂದು ಹಸುವಿನ ಮುಂದೆ ಸುರಿಯುತ್ತಿದ್ದಳು. ಮನೆ ಸೇರಿದ ಮೇಲೆ ಫೋನ್ ಮಾಡು ಎಂದಳು. ಸಂಜೆ ಮಾಡಿದೆ. ಸೇರಿದೆ ಎಂದಷ್ಟೇ ಹೇಳಿದೆ.