ಬೆಕ್ಕಿಗೆ ಹಚ್ಚಿದ ಎತ್ತಿನ ಮದ್ದು

ನಾನು ಚಿಕ್ಕವನಿದ್ದಾಗ, ಮೂರನೇ ಕ್ಲಾಸಿನಲ್ಲಿ ಓದುತ್ತಿದ್ದಾಗ, ಬೆಳಗಿನಿಂದ ಸಂಜೆಯವರೆಗೂ ಸಿಟ್ಟಿನಲ್ಲೇ ಕಳೆದ ಒಂದು ದಿನವಿತ್ತು. ಯಾರ ಮೇಲೆ ಸಿಟ್ಟಾಗಬೇಕು ಅನ್ನುವುದೇ ತಿಳಿಯದ ಸಿಟ್ಟು ಅದು. ಏಕೆಂದರೆ ಆ ದಿನ ತಪ್ಪು ಮಾಡಿದವರೆಲ್ಲ ಒಳ್ಳೆಯದು ಮಾಡಲು ಹೊರಟವರೇ.

ಆಗ ನಾವು ಚಿಕ್ಕಜಾಲದಲ್ಲಿದ್ದೆವು. ಏರ್‌ಪೋರ್ಟಿಗೆ ಹೋಗುವಾಗ ನೀವು ಕಾರಿನ ಕಿಟಕಿಯಿಂದ ನೋಡುತ್ತೀರಲ್ಲ, ಅದೇ ಚಿಕ್ಕಜಾಲ. ಆಗ ರಸ್ತೆಯ ಎರಡೂ ಬದಿಗೆ ಹುಣಸೆ ಮರಗಳು, ಅದರಾಚೆ ದ್ರಾಕ್ಷಿ ತೋಟಗಳು. ಅಂಥ ಒಂದು ತೋಟವನ್ನು ಅಪ್ಪ ನೋಡಿಕೊಳ್ಳುತ್ತಿದ್ದ. ಅಮ್ಮ ಹೆರಿಗೆಗೆಂದು ತವರಿಗೆ ಹೋಗಿದ್ದಳು. ಮನೆಯೆಲ್ಲ ಅಕ್ಕನ ಕೈಯಲ್ಲಿತ್ತು. ಅಕ್ಕನಿಗೆ ಆಗ ಹದಿನಾಲ್ಕು ವರ್ಷ.

ನಮ್ಮ ಮನೆಯ ಬೆಕ್ಕು ಚುಕ್ಕಿ. ಮೈಯೆಲ್ಲ ಬಿಳಿ, ಎಡಗಿವಿಯ ಹತ್ತಿರ ಮಾತ್ರ ಒಂದು ಕಪ್ಪು ಮಚ್ಚೆ. ಯಾವುದೋ ಗಂಡು ಬೆಕ್ಕಿನ ಜೊತೆ ಜಗಳವಾಡಿ ಪಕ್ಕೆಗೆ ಕಚ್ಚಿಸಿಕೊಂಡು ಬಂದಿದ್ದಳು. ಮೊದಲು ಸಣ್ಣ ತೂತು. ಎರಡು ದಿನಕ್ಕೆ ಊದಿಕೊಂಡು, ಮೂರನೇ ದಿನ ಒಡೆದು ಕೀವು ಸುರಿಯಿತು. ಕೊಳೆತ ಸೊಪ್ಪಿನಂಥ ವಾಸನೆ ಮನೆಯೆಲ್ಲ ತುಂಬಿತು.

ಅಕ್ಕ ಹರಳೆಣ್ಣೆಯಲ್ಲಿ ಅರಿಶಿನ ಕಲಸಿ ಹಚ್ಚಿದಳು. ಅಕ್ಕ ಕೈ ತೊಳೆದುಕೊಂಡು ಬರುವಷ್ಟರಲ್ಲಿ ಚುಕ್ಕಿ ಅದನ್ನೆಲ್ಲ ನೆಕ್ಕಿ ಮುಗಿಸಿದ್ದಳು. ಅವಳ ಬಾಯಿ ಹಳದಿ, ಗೋಡೆ ಹಳದಿ, ನನ್ನ ಚಡ್ಡಿ ಹಳದಿ, ಗಾಯ ಮಾತ್ರ ಕೆಂಪಗೇ ಇತ್ತು. ಮರುದಿನ ಬೇವಿನ ಸೊಪ್ಪು ಅರೆದು ಹಚ್ಚಿದೆವು. ಅದನ್ನೂ ನೆಕ್ಕಿ, ಕಹಿಗೆ ನೊರೆ ಕಾರುತ್ತಾ ಅಟ್ಟ ಹತ್ತಿ ಕೂತಳು. ಅಷ್ಟು ದಿನವೂ ಅವಳನ್ನು ಹಿಡಿಯುವ ಕೆಲಸ ನನ್ನದು. ನನ್ನ ಎರಡೂ ಕೈ ಉಗುರಿನ ಗೀರುಗಳಿಂದ ಉರಿಯುತ್ತಿದ್ದವು.

ಐದನೇ ದಿನ ಬೆಳಿಗ್ಗೆ ಅಪ್ಪ ತೋಟದಿಂದ ಒಂದು ಪೊಟ್ಟಣ ಹಿಡಿದು ಬಂದ. ಒಳಗೆ ನವಿಲಿನ ಕತ್ತಿನಷ್ಟು ನೀಲಿಯಾದ ಹರಳುಗಳು. ಮೈಲುತುತ್ತ. ದ್ರಾಕ್ಷಿ ಬಳ್ಳಿಗೆ ರೋಗ ಬಂದರೆ ಅದನ್ನು ಸುಣ್ಣದ ಜೊತೆ ಕದಡಿ ಹೊಡೆಯುತ್ತಿದ್ದರು. ಎತ್ತಿನ ಹೆಗಲಿನ ಹುಣ್ಣಿಗೂ ಅದನ್ನೇ ಪುಡಿ ಮಾಡಿ ಹಾಕುತ್ತಿದ್ದರು.

"ಅಪ್ಪಾ, ಬೆಕ್ಕಿಗೆ ಹಾಕ್ಬೋದಾ?" ಎಂದೆ.

"ಎತ್ತಿನ್ ಉಣ್ಣೇ ವಾಸಿಯಾಯ್ತದೆ, ಇದೇನ್ ಮಹಾ? ಇಂಗೆ ಹಿಡ್ಕೊ," ಅಂದ ಅಪ್ಪ.

ನಾನು ಹಿಡಿದುಕೊಂಡೆ. ಅದನ್ನು ನೆನೆದರೆ ಈಗಲೂ ನನಗೆ ಕಸಿವಿಸಿಯಾಗುತ್ತದೆ. ಪುಡಿ ಬಿದ್ದದ್ದೇ ತಡ, ಚುಕ್ಕಿ ಮಗುವಿನ ಹಾಗೆ ಕಿರುಚಿ ನನ್ನ ಕೈಯಿಂದ ಬಿಡಿಸಿಕೊಂಡು ಓಡಿದಳು. ಸ್ವಲ್ಪ ಹೊತ್ತಿನಲ್ಲಿ ಹಿತ್ತಲಿನ ಸೌದೆ ರಾಶಿಯ ಹತ್ತಿರ ವಾಂತಿ ಮಾಡುತ್ತಿದ್ದಳು. ವಾಂತಿಯಲ್ಲಿ ನೀಲಿ ಬಣ್ಣವಿತ್ತು. ಅಷ್ಟರಲ್ಲಿ ಅಪ್ಪ ತೋಟಕ್ಕೆ ಹೋಗಿಯಾಗಿತ್ತು.

ಅಕ್ಕ ಒಂದು ಕ್ಷಣ ನೋಡಿದಳು. ದ್ರಾಕ್ಷಿ ಬುಟ್ಟಿಯೊಂದನ್ನು ಎತ್ತಿಕೊಂಡು ಒಳಗೆ ಹಳೇ ಸೀರೆ ಹಾಸಿ, "ಹೆಬ್ಬಾಳಕ್ಕೆ ಹೋಗೋಣ, ನಡಿ" ಅಂದಳು. ಹೆಬ್ಬಾಳದ ಕೆರೆಯ ಹತ್ತಿರ ದನಗಳ ಡಾಕ್ಟರೊಬ್ಬರ ಮನೆಯಿತ್ತು. ಅಪ್ಪ ಒಮ್ಮೆ ನಮ್ಮ ಹಸುವನ್ನು ಅಲ್ಲಿಗೆ ಹೊಡೆದುಕೊಂಡು ಹೋಗಿದ್ದ.

ಬಸ್ಸು ಹತ್ತಿ ಬುಟ್ಟಿಯನ್ನು ಸೀಟಿನ ಕೆಳಗೆ ತಳ್ಳಿದೆವು. ಯಲಹಂಕ ದಾಟುವವರೆಗೂ ಚುಕ್ಕಿ ಸದ್ದು ಮಾಡಲಿಲ್ಲ. ಸದ್ದು ಮಾಡುತ್ತಿಲ್ಲವಲ್ಲ ಎಂದೇ ನನಗೆ ಭಯ. ಜಕ್ಕೂರಿನ ಹತ್ತಿರ ಅವಳು ಒಮ್ಮೆ ಜೋರಾಗಿ ಕೂಗಿ, ಬುಟ್ಟಿಯಲ್ಲೇ ವಾಂತಿ ಮಾಡಿದಳು. ಕಂಡಕ್ಟರ್ ಮೂಗು ಮುಚ್ಚಿಕೊಂಡು ಸೀಟಿ ಊದಿದ.

"ಬೆಕ್ಕೆಲ್ಲ ತರಂಗಿಲ್ಲ ಕಣಮ್ಮ. ಇಳೀರಿ, ಇಳೀರಿ."

"ಸಾಯ್ತಾ ಇದೆ ಅಣ್ಣಾ," ಅಂದಳು ಅಕ್ಕ.

"ಅದಕ್ಕೇ ಇಳೀರಿ ಅಂತಿರೋದು."

ಅಲ್ಲಿಂದ ಹೆಬ್ಬಾಳಕ್ಕೆ ನಡೆದೆವು. ಟಾರು ಕಾದು ಅಂಗಾಲು ಸುಡುತ್ತಿತ್ತು. ಬುಟ್ಟಿಯ ಹಿಡಿ ಬೆರಳು ಕೊರೆಯುತ್ತಿತ್ತು. ಅಂತೂ ಡಾಕ್ಟರ ಮನೆ ಮುಟ್ಟಿದರೆ ಬಾಗಿಲಿಗೆ ಬೀಗ! ಹಸುವೊಂದು ಕರು ಹಾಕಲಾರದೆ ಒದ್ದಾಡುತ್ತಿದೆಯೆಂದು ಯಾರೋ ಕರೆದುಕೊಂಡು ಹೋಗಿದ್ದರಂತೆ. ನಾನು ಆ ಬಾಗಿಲನ್ನು ಕಾಲಿನಿಂದ ಒದ್ದೆ. ಹೆಬ್ಬೆರಳು ನೋಯಿತೇ ಹೊರತು ಬೀಗ ತೆರೆಯಲಿಲ್ಲ. ಜಗಲಿಯ ಮೇಲೆ ಕೂತು ಅತ್ತೆ. ಅಕ್ಕ ಅಳಲಿಲ್ಲ. ಸೆರಗು ನೀರಿನಲ್ಲಿ ಅದ್ದಿ, ಚುಕ್ಕಿಯ ಪಕ್ಕೆಯ ನೀಲಿ ಪುಡಿಯನ್ನು ಒರೆಸುತ್ತಲೇ ಇದ್ದಳು.

ಡಾಕ್ಟರು ಬಂದಾಗ ಮಧ್ಯಾಹ್ನ ತಿರುಗಿತ್ತು. ಪ್ಯಾಂಟಿಗೆಲ್ಲ ಸಗಣಿ. ಬುಟ್ಟಿಯೊಳಗೆ ಬಗ್ಗಿ ನೋಡಿದವರ ಮುಖ ಗಂಟಿಕ್ಕಿತು.

"ಮೈಲುತುತ್ತ ಹಾಕಿದ್ದು ಯಾರು?"

ನಾನು ತಲೆ ತಗ್ಗಿಸಿಕೊಂಡು, "ನಮ್ಮಪ್ಪ. ನಾನು ಹಿಡ್ಕೊಂಡಿದ್ದೆ," ಅಂದೆ.

ಅವರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಚುಕ್ಕಿಗೆ ಮೊಟ್ಟೆಯ ಬಿಳಿ ಕುಡಿಸಿ, ಒಂದು ಸೂಜಿ ಚುಚ್ಚಿ, ಗಾಯದ ಸುತ್ತ ಕೂದಲು ಕತ್ತರಿಸಿ, ಒಳಗಿನ ಕೀವನ್ನೆಲ್ಲ ತೆಗೆದು ತೊಳೆದರು. ಅಕ್ಕ ಮೆಲ್ಲಗೆ, "ಅರಿಶಿನ ಹಚ್ಚಿದ್ದೂ ತಪ್ಪಾ ಸಾರ್?" ಎಂದು ಕೇಳಿದಳು.

"ಅರಿಶಿನ ಕೆಟ್ಟದ್ದಲ್ಲಮ್ಮ. ಆದ್ರೆ ಒಳಗೆ ಕೀವಿರೋವಾಗ ಮೇಲೆ ಏನು ಬಳಿದ್ರೂ ಪ್ರಯೋಜನ ಇಲ್ಲ. ಇನ್ನೊಂದು ನೆನಪಿಟ್ಕೊ. ಎತ್ತು ತನ್ನ ಹೆಗಲು ನೆಕ್ಕಲ್ಲ. ಬೆಕ್ಕು ಮೈಯೆಲ್ಲ ನೆಕ್ಕುತ್ತೆ. ಅದರ ಚರ್ಮಕ್ಕೆ ಹಚ್ಚಿದ್ದೆಲ್ಲ ಅದರ ಹೊಟ್ಟೆಗೆ ಹಾಕಿದ ಹಾಗೇ."

ದಿನಾ ಕಾಯಿಸಿ ಆರಿಸಿದ ಉಪ್ಪುನೀರಿನಲ್ಲಿ ತೊಳೆದು, ಶುದ್ಧ ಜೇನು ಸವರಿ, ಬಟ್ಟೆ ಕಟ್ಟಬೇಕು ಎಂದರು. ಎರಡು ದಿನ ಬಿಟ್ಟು ಮತ್ತೆ ತೋರಿಸಬೇಕು. ಏನಾದರೂ ಮಾಡಿ ನೆಕ್ಕದ ಹಾಗೆ ನೋಡಿಕೊಳ್ಳಬೇಕು. ಬದುಕುತ್ತದೋ ಇಲ್ಲವೋ ಅನ್ನುವುದನ್ನು ಮಾತ್ರ ಹೇಳಲಿಲ್ಲ.

ಊರಿಗೆ ಮರಳಿ ಜೇನು ಹುಡುಕಿದರೆ ಅದೂ ಸಿಗಲಿಲ್ಲ. ಅಂಗಡಿಯವನ ಬಾಟಲಿಯಲ್ಲಿದ್ದದ್ದು ಬೆಲ್ಲದ ಪಾಕ. ಅಕ್ಕ ಬೆರಳಿಗೆ ಹಚ್ಚಿ ನೆಕ್ಕಿದವಳೇ ವಾಪಸ್ ಕೊಟ್ಟಳು. ಕೊನೆಗೆ ಪಕ್ಕದ ಮನೆಯ ಚಾಚಿ, ಮೊಮ್ಮಗನ ಕೆಮ್ಮಿಗೆಂದು ಎತ್ತಿಟ್ಟಿದ್ದ ಜೇನಿನ ಶೀಷೆಯನ್ನೇ ಕೊಟ್ಟು, "ಲೇಜಾ ಬೇಟಾ, ತಗೊಂಡು ಹೋಗು, ಅದೂ ಒಂದು ಜೀವಾನೇ ಅಲ್ವಾ," ಅಂದರು.

ಆ ಹೊತ್ತಿಗೆ ಅಪ್ಪ ಬಂದ. ಅವನನ್ನು ನೋಡಿದ್ದೇ ನನ್ನೊಳಗೆ ಬೆಳಗಿನಿಂದ ಕುದಿಯುತ್ತಿದ್ದದ್ದೆಲ್ಲ ಉಕ್ಕಿತು. "ನಿನ್ನಿಂದಾನೇ! ನೀನೇ ವಿಷ ಹಾಕಿದ್ದು!" ಎಂದು ಚೀರಿದೆ. ಅಪ್ಪನ ಎದುರು ದನಿ ಎತ್ತಿ ಮಾತಾಡಿದ್ದು ಅದೇ ಮೊದಲು. ಏಟು ಬೀಳುತ್ತದೆಂದು ಕಣ್ಣು ಮುಚ್ಚಿಕೊಂಡೆ.

ಏಟು ಬೀಳಲಿಲ್ಲ. ಕಣ್ಣು ಬಿಟ್ಟಾಗ ಅಪ್ಪ ಬುಟ್ಟಿಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತಿದ್ದ. ಅಕ್ಕ ಜೇನು ಸವರಿ ಬಟ್ಟೆ ಕಟ್ಟಿದಳು; ಚುಕ್ಕಿ ಅಷ್ಟು ಸುಸ್ತಾಗಿದ್ದರೂ ಹಲ್ಲಿನಿಂದ ಗಂಟು ಎಳೆಯತೊಡಗಿದಳು. ಅಕ್ಕ ಮತ್ತೆ ಕಟ್ಟಿದಳು, ಚುಕ್ಕಿ ಮತ್ತೆ ಬಿಚ್ಚಿದಳು. ಅಕ್ಕನಿಗೂ ಆಗ ಅಳು ಬಂತು. ಅಪ್ಪ ಎದ್ದು, ಗೂಟಕ್ಕೆ ಹಾಕಿದ್ದ ತನ್ನ ಖಾಕಿ ಅಂಗಿ ತೆಗೆದು, ದ್ರಾಕ್ಷಿ ಕತ್ತರಿಯಿಂದ ಒಂದು ತೋಳನ್ನು ಹೆಗಲಿನಿಂದಲೇ ಕತ್ತರಿಸಿದ. ಕಾಲು ತೂರಿಸಲು ನಾಲ್ಕು ತೂತು ಮಾಡಿ, ಚುಕ್ಕಿಗೆ ಮೆಲ್ಲಗೆ ತೊಡಿಸಿದ.

ಚುಕ್ಕಿ ಉಳಿದಳು. ಗಾಯ ಕೂಡಿಕೊಳ್ಳಲು ಒಂದು ತಿಂಗಳೇ ಹಿಡಿಯಿತು. ಅಲ್ಲಿಯವರೆಗೂ ದಿನಾ ಅದೇ ಉಪ್ಪುನೀರು, ಅದೇ ಜೇನು, ಅದೇ ಪರಚಾಟ. ಅಪ್ಪ ಆ ವರ್ಷವೆಲ್ಲ ಒಂದೇ ತೋಳಿನ ಅಂಗಿ ತೊಟ್ಟು ತೋಟಕ್ಕೆ ಹೋದ. ಜನ ಕೇಳಿದರೆ, "ಬೆಕ್ಕಿಗೆ ಕೊಟ್ಟೆ" ಅನ್ನುತ್ತಿದ್ದ.

ಮಕ್ಕಳೇ, ಹೋದ ತಿಂಗಳು ನಿಮ್ಮ ಬೆಕ್ಕಿನ ಕತ್ತಿಗೆ ಗಾಯವಾದಾಗ ನಾನು ಯಾಕೆ ಅಷ್ಟು ರೇಗಿದೆ ಎಂದು ಕೇಳಿದಿರಲ್ಲ, ಇದಕ್ಕೇ. ನಮಗೆ ಕೇಳಲು ಹತ್ತಿರದಲ್ಲಿ ಯಾರೂ ಇರಲಿಲ್ಲ. ನಿಮಗೆ ಯಲಹಂಕದಲ್ಲಿ ಎರಡು ಸಿಗ್ನಲ್ ದಾಟಿದರೆ ಪ್ರಾಣಿಗಳ ಡಾಕ್ಟರ್ ಇದ್ದಾರೆ. ಬೆಕ್ಕನ್ನು ಒಯ್ಯಲು ಜಾಲರಿ ಕಿಟಕಿಯ ಬ್ಯಾಗ್ ಇದೆ. ಆದರೂ ನಾಲ್ಕು ದಿನ ಫೋನು ಉಜ್ಜುತ್ತಾ ಕೂತಿರಿ. ಅದರಲ್ಲಿ ಒಬ್ಬರು ಕರ್ಪೂರ ಹಚ್ಚಿ ಅಂದರು, ಇನ್ನೊಬ್ಬರು ಯಾವುದೋ ಘಮಘಮ ಎಣ್ಣೆ ಅಂದರು. ಎಲ್ಲವೂ ನೈಸರ್ಗಿಕವಂತೆ! ಅವೆಲ್ಲ ಬೆಕ್ಕಿನ ಹೊಟ್ಟೆಗೆ ವಿಷ ಎಂದು ಆ ಡಾಕ್ಟರಮ್ಮ ಹೇಳುವವರೆಗೂ ನನ್ನ ಮಾತು ನಿಮ್ಮ ಕಿವಿಗೆ ಬೀಳಲಿಲ್ಲ. ಆಕೆ ಗಾಯ ತೊಳೆದು, ಮಾತ್ರೆ ಕೊಟ್ಟು, ಜೊತೆಗೆ ಗಾಯ ಬೇಗ ಮಾಯಲೆಂದು ಕೆಂಪು ಬೆಳಕು ಬೀರುವ ಯಂತ್ರವನ್ನೂ ಹಿಡಿದರು. ಅಂಥದ್ದನ್ನು ನಾನು ಕನಸಿನಲ್ಲೂ ಕಂಡಿರಲಿಲ್ಲ.

ಆದರೆ ಆ ಮೇಜಿನ ಮೇಲೆ ಬೆಕ್ಕು ಹೆದರಿ ನಿಮ್ಮಿಬ್ಬರ ಮುಂಗೈಯನ್ನು ರಕ್ತ ಬರುವ ಹಾಗೆ ಗೀರಿತಲ್ಲ, ಆಗ ನೀವು ಕೈ ಬಿಡಲಿಲ್ಲ. ಅದನ್ನು ನೋಡಿದ ಮೇಲೆ ನನ್ನ ಸಿಟ್ಟು ಇಳಿಯಿತು. ಪೂರ್ತಿ ಅಲ್ಲ, ಅರ್ಧ.